ಆಕೆಯ ದಣಿವನ್ನು ಕೇಳುವವರು ಯಾರು?

ಮಹಿಳೆಯರ ಆರೋಗ್ಯಕ್ಕೆ ಸಲಹೆಗಳ ಬರವಿಲ್ಲ. ಯೋಗ ಮಾಡಿ, ಕಷಾಯ ಕುಡಿಯಿರಿ, ಹೊತ್ತಿಗೆ ಸರಿಯಾಗಿ ಮಲಗಿ ಎನ್ನುತ್ತಾರೆ. ಸಲಹೆ ತಪ್ಪಲ್ಲ. ಆದರೆ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಮಲಗುವವಳು ಇದನ್ನೆಲ್ಲ ಯಾವಾಗ ಮಾಡಬೇಕು? ಆಕೆಗೆ ಆ ಅರ್ಧ ಗಂಟೆಯನ್ನು ಬಿಟ್ಟುಕೊಡುವವರು ಯಾರು? ಆರೋಗ್ಯದ ಪ್ರಶ್ನೆ ನ್ಯಾಯದ ಪ್ರಶ್ನೆಯಾಗುವುದು ಇಲ್ಲಿಯೇ.

2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ. ಪುರುಷರು 88 ನಿಮಿಷ. ಮಕ್ಕಳ, ವೃದ್ಧರ ಆರೈಕೆಯ ಲೆಕ್ಕ ಬೇರೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು, ಪುರುಷರಲ್ಲಿ ಶೇ. 25. ಇದಕ್ಕೆ ಮುಟ್ಟು, ಹೆರಿಗೆ, ಆಹಾರದ ಕೊರತೆ ಹೀಗೆ ಕಾರಣಗಳು ಹಲವು. ಆದರೆ ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವುದನ್ನು ನಾವು ಹೆಣ್ಣಿನ ದೊಡ್ಡ ಗುಣವೆಂದು ಹೊಗಳುತ್ತಲೇ ಬಂದಿದ್ದೇವೆ. ತಾನಾಗಿ ಕೊಟ್ಟದ್ದು ತ್ಯಾಗ, ನಿಜ. ಕೇಳದೆಯೇ ಪಡೆದುಕೊಂಡದ್ದಕ್ಕೆ ಆ ಹೆಸರು ಒಪ್ಪುತ್ತದೆಯೇ?

ಆಹಾರ, ನಿದ್ರೆ, ಬ್ರಹ್ಮಚರ್ಯ ಶರೀರದ ಮೂರು ಆಧಾರಗಳೆಂದು ಚರಕ ಸಂಹಿತೆ ಹೇಳುತ್ತದೆ. ಯುನಾನಿ ವೈದ್ಯವೂ ಬದುಕಿಗೆ ಅನಿವಾರ್ಯವಾದ ಆರು ಸಂಗತಿಗಳಲ್ಲಿ ಆಹಾರ, ವಿಶ್ರಾಂತಿ, ನಿದ್ರೆಯನ್ನು ಸೇರಿಸಿದೆ. ಎರಡು ಪರಂಪರೆಗಳೂ ಮದ್ದಿನ ಜೊತೆ ಬದುಕಿನ ಕ್ರಮವನ್ನು ನೋಡುತ್ತವೆ. ರೋಗಿಯ ಪರೀಕ್ಷೆಗೆ ಆಯುರ್ವೇದ ಹೇಳುವ ದಾರಿಗಳು ದರ್ಶನ, ಸ್ಪರ್ಶನ ಮತ್ತು ಪ್ರಶ್ನೆ. ಅಂದರೆ ನೋಡುವುದು, ಮುಟ್ಟುವುದು, ಕೇಳುವುದು. ನಮ್ಮಲ್ಲಿ ವೈದ್ಯರು ಆಕೆಯನ್ನು ಕೇಳಿದರೆ ಎಷ್ಟೋ ಸಲ ಉತ್ತರ ಕೊಡುವುದು ಪಕ್ಕದಲ್ಲಿರುವ ಗಂಡ ಅಥವಾ ಅತ್ತೆ. ತನ್ನ ನೋವಿನ ಕಥೆಯನ್ನು ತಾನೇ ಹೇಳುವ ಅವಕಾಶವೂ ಆಕೆಗಿಲ್ಲ.

ಹೇಳಿಕೊಂಡವರೂ ಇದ್ದಾರೆ. ಸೌದಿ ಅರೇಬಿಯಾದ ನೌಫ್ ಅಲ್ ಮರ್ವಾಯಿ ಅವರಿಗೆ ಲೂಪಸ್ ಕಾಯಿಲೆ. ದೇಹದ ರಕ್ಷಣಾ ಶಕ್ತಿಯೇ ದೇಹದ ಮೇಲೆರಗುವ ರೋಗವದು. ಯೋಗ ಮತ್ತು ಆಯುರ್ವೇದ ತನಗೆ ನೆರವಾದ ಬಗೆಯನ್ನು ಅವರು ಬಹಿರಂಗವಾಗಿ ಹೇಳಿದರು, ಇತರರಿಗೂ ಯೋಗ ಕಲಿಸಿದರು. 2017ರಲ್ಲಿ ಸೌದಿಯು ಯೋಗವನ್ನು ಕ್ರೀಡಾ ಚಟುವಟಿಕೆಯಾಗಿ ಒಪ್ಪಿತು. 2018ರಲ್ಲಿ ಭಾರತ ಅವರಿಗೆ ಪದ್ಮಶ್ರೀ ನೀಡಿತು. ಒಬ್ಬರ ಅನುಭವ ಎಲ್ಲರ ಚಿಕಿತ್ಸೆಯಾಗದು. ವೈದ್ಯರು ಕೊಟ್ಟ ಔಷಧಿಯನ್ನು ಬಿಡಲು ಇದು ನೆಪವೂ ಅಲ್ಲ. ಆದರೆ ಕಾಯಿಲೆಯನ್ನು ಮುಚ್ಚಿಡದ ಒಬ್ಬಾಕೆಯ ಮಾತು ಇನ್ನೊಬ್ಬಾಕೆಗೆ ಬಾಯಿ ತೆರೆಯುವ ಧೈರ್ಯ ಕೊಡುತ್ತದೆ.

ಯೋಗ ನಮಗೆ ಸಲ್ಲುತ್ತದೆಯೇ ಎಂದು ನಾವು ಬಹಳ ಚರ್ಚಿಸುತ್ತೇವೆ. ಮಂತ್ರ, ನಮಸ್ಕಾರಗಳ ಬಗ್ಗೆ ಸಂಕೋಚವಿರುವವರು ಅವನ್ನು ಬಿಟ್ಟು ವ್ಯಾಯಾಮವನ್ನಷ್ಟೇ ಮಾಡಬಹುದು. ಅದೂ ಬೇಡವೆಂದರೆ ನಡಿಗೆಯಿದೆ. ಆದರೆ ಯಾವುದನ್ನು ಆರಿಸಿದರೂ ಸಮಯ ಬೇಕು. ಆ ಚರ್ಚೆಯನ್ನು ಮಾತ್ರ ನಾವು ಮಾಡುವುದಿಲ್ಲ.

ಸಲ್ಮಾನ್ ಫಾರಿಸೀ(ರ) ಒಮ್ಮೆ ಅಬೂದರ್ದಾ(ರ)ರ ಮನೆಗೆ ಹೋದರು. ಮನೆಯೊಡತಿ ತನ್ನ ಉಡುಗೆಯ ಕಡೆಗೂ ಗಮನವಿಲ್ಲದೆ ಇದ್ದುದನ್ನು ಕಂಡು ಕಾರಣ ಕೇಳಿದರು. ಪತಿಗೆ ಇಹಲೋಕದ ಗೊಡವೆಯೇ ಇಲ್ಲವೆಂದು ಆಕೆ ಹೇಳಿದರು. ಹಗಲು ಉಪವಾಸ, ರಾತ್ರಿಯಿಡೀ ನಮಾಝಿನಲ್ಲಿರುತ್ತಿದ್ದ ಗೆಳೆಯನಿಗೆ ಸಲ್ಮಾನ್(ರ) ಉಣ್ಣಿಸಿದರು, ಮಲಗಲು ಹೇಳಿದರು. ಪ್ರಭುವಿಗೆ ಹಕ್ಕಿರುವಂತೆ ಸ್ವಂತ ಜೀವಕ್ಕೂ ಮನೆಯವರಿಗೂ ಹಕ್ಕಿದೆ ಎಂದು ತಿಳಿಹೇಳಿದರು. ಪ್ರವಾದಿ(ಸ) ಆ ಮಾತನ್ನು ಸಮರ್ಥಿಸಿದರು.

ಆರಾಧನೆಯಲ್ಲಿ ಮಿತವಿರಬೇಕು ಎಂಬುದಕ್ಕೆ ನಾವು ಈ ಘಟನೆಯನ್ನು ಹೇಳುತ್ತೇವೆ. ಆದರೆ ಅದು ಆರಂಭವಾಗುವುದು ಒಬ್ಬ ಮಹಿಳೆಯ ಸ್ಥಿತಿಯನ್ನು ಗಮನಿಸಿ ವಿಚಾರಿಸುವುದರಿಂದ, ಆಕೆ ಉತ್ತರಿಸುವುದರಿಂದ. ಜೀವಕ್ಕೆ ಹಕ್ಕಿದೆ ಎಂದ ಮೇಲೆ ಆ ಹಕ್ಕು ಆಕೆಯ ಜೀವಕ್ಕೂ ಇದೆಯಲ್ಲವೇ?

ನಮ್ಮ ಮನೆಯಲ್ಲೂ ಕೇಳೋಣ. "ಏನಿಲ್ಲ, ಸ್ವಲ್ಪ ಸುಸ್ತು ಅಷ್ಟೇ" ಎಂಬ ಉತ್ತರ ಬಂದೀತು. ಅಲ್ಲಿಗೆ ಸುಮ್ಮನಾಗದೆ ಇನ್ನೊಮ್ಮೆ ಕೇಳೋಣ. ಆಕೆ ಹೇಳಿ ಮುಗಿಸುವವರೆಗೆ ಪಾತ್ರೆಗಳನ್ನು ನಾವೇ ತೊಳೆಯೋಣ.