ಹಂಗಿನ ಆಳ್ವಿಕೆ

ಐವರಿ ಕೋಸ್ಟ್‌ನ ಮೊದಲ ಅಧ್ಯಕ್ಷ ಫೆಲಿಕ್ಸ್ ಊಫ್ವೆ ಬ್ವಾನ್ಯಿಯನ್ನು ಸರ್ವಾಧಿಕಾರಿ ಎಂಬ ಒಂದೇ ಮಾತಿನಲ್ಲಿ ಮುಗಿಸಲು ನನಗೆ ಮನಸ್ಸಾಗುವುದಿಲ್ಲ. ಫ್ರೆಂಚ್ ವಸಾಹತುಗಳಲ್ಲಿ ಹಳ್ಳಿಯ ಗಂಡಸರನ್ನು ಹಿಡಿದೊಯ್ದು ಬಿಳಿಯರ ತೋಟಗಳಲ್ಲಿ, ರಸ್ತೆ ಕೆಲಸದಲ್ಲಿ ದುಡಿಸುತ್ತಿದ್ದರು. 1946ರಲ್ಲಿ ಫ್ರಾನ್ಸಿನ ಸಂವಿಧಾನ ಸಭೆಯಲ್ಲಿ ಕುಳಿತು ಆ ಬಲವಂತದ ದುಡಿಮೆಯನ್ನು ರದ್ದು ಮಾಡಿಸಿದವನು ಆತ; ಕಾನೂನಿಗೆ ಆತನದೇ ಹೆಸರು. (ಆತನೂ ತೋಟದ ಒಡೆಯ, ಆಳುಗಳು ಆತನಿಗೂ ಬೇಕಿದ್ದರು. ಇರಲಿ, ಬಿಡುಗಡೆಯಾದವನಿಗೆ ಅದರಿಂದೇನು?)

ಆ ಜನ ಆತನ ಋಣವನ್ನು ನೆನೆದದ್ದು ಸಹಜ. ಆದರೆ ಋಣ ಬೇರೆ, ಹಂಗು ಬೇರೆ. ಋಣವನ್ನು ಪಡೆದವನು ತಾನಾಗಿ ನೆನೆಯುತ್ತಾನೆ. ಹಂಗನ್ನು ಕೊಟ್ಟವನು ನೆನಪಿಸುತ್ತಲೇ ಇರುತ್ತಾನೆ. 1960ರಿಂದ 1993ರಲ್ಲಿ ಸಾಯುವವರೆಗೆ ಆತನೇ ಅಧ್ಯಕ್ಷ. 1990ರವರೆಗೆ ಚುನಾವಣೆಗಳಲ್ಲಿ ಎದುರಾಳಿಯೇ ಇರಲಿಲ್ಲ. 1983ರಲ್ಲಿ ಹುಟ್ಟೂರು ಯಾಮುಸುಕ್ರೊ ರಾಜಧಾನಿಯಾಯಿತು. ಅಲ್ಲಿ ರೋಮಿನ ಸಂತ ಪೀಟರ್ ಚರ್ಚಿನ ಮಾದರಿಯಲ್ಲಿ ಬೆಸಿಲಿಕಾ ಎದ್ದಿತು. ಅದರ ಬಣ್ಣದ ಗಾಜಿನ ಚಿತ್ರವೊಂದರಲ್ಲಿ ಕ್ರಿಸ್ತನ ಬಳಿ ಆತನೂ ಇದ್ದಾನೆ. ಕಟ್ಟಡ ಮುಗಿಯುವ ಹೊತ್ತಿಗೆ ಕೋಕೋ ಧಾರಣೆ ಕುಸಿದು, ಸರ್ಕಾರ ಬೆಳೆಗಾರರಿಗೆ ಕೊಡುವ ದರ ಸುಮಾರು ಅರ್ಧಕ್ಕಿಳಿದಿತ್ತು.

1990ರಲ್ಲಿ ಅಬಿಜಾನಿನ ಬೀದಿಗಿಳಿದ ವಿದ್ಯಾರ್ಥಿಗಳು ನನ್ನ ಈಗಿನ ವಯಸ್ಸಿನವರು, ಇನ್ನೂ ಚಿಕ್ಕವರು. ಬಲವಂತದ ದುಡಿಮೆ ಅವರಿಗೆ ಅಜ್ಜನ ಕಾಲದ ಕಥೆ. ಅಪ್ಪನ ಸಾಲಕ್ಕೆ ಮಗನನ್ನು ದುಡಿಸುವುದಕ್ಕೆ ನಮ್ಮಲ್ಲಿ ಜೀತ ಎಂಬ ಹೆಸರಿದೆ. ಅಜ್ಜನ ಕೃತಜ್ಞತೆಯ ಲೆಕ್ಕಕ್ಕೆ ಮೊಮ್ಮಗನ ಮತ ಕೇಳುವುದಕ್ಕೆ ಏನೆನ್ನಬೇಕು? ಆ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಎದುರಾಳಿಯೊಬ್ಬ, ಲೊರಾಂ ಬಾಗ್ಬೊ, ಕಣದಲ್ಲಿದ್ದ. ಗೆದ್ದವನು ಮುದುಕನೇ. ಆ ಮತಗಳಲ್ಲಿ ಭಯದವು ಎಷ್ಟು, 1946ನ್ನು ನಿಜವಾಗಿ ನೆನೆದವು ಎಷ್ಟು ಎಂದು ಬೇರ್ಪಡಿಸಲು ನನಗಂತೂ ಆಗಿಲ್ಲ.