ಮೊದಲು ಕಿವಿ, ಆಮೇಲೆ ನಾಲಿಗೆ

ಓದಿ ಧ್ಯಾನಿಸಿ: ಮಾರ್ಕ 7: 31-37



ಗುರುದೀಕ್ಷೆಗೆ ಮೊದಲು ಒಂದು ವರ್ಷ ನಾನು ಬೆತ್ಲೆಹೇಮಿನಲ್ಲಿ ಸ್ವಯಂಸೇವಕನಾಗಿದ್ದೆ. ಅಂಗವಿಕಲ ಮಕ್ಕಳನ್ನು ಧರ್ಮಭಗಿನಿಯರು ಸಾಕುತ್ತಿದ್ದ ಒಂದು ಮನೆಯಲ್ಲಿ ನನ್ನ ಕೆಲಸ. ತತ್ವಶಾಸ್ತ್ರ ಓದಿದ್ದೆ, ದೈವಶಾಸ್ತ್ರವನ್ನೂ ಓದಿದ್ದೆ. ಕೊಡಲು ನನ್ನ ಬಳಿ ಬೇಕಾದಷ್ಟಿದೆ ಎಂದುಕೊಂಡೇ ಹೋಗಿದ್ದೆ. ಮೊದಲ ದಿನವೇ ತಿಳಿಯಿತು: ಅಲ್ಲಿನ ಮೂರು ವರ್ಷದ ಮಗುವಿಗೆ ಬರುವಷ್ಟು ಮಾತೂ ನನಗೆ ಬಾರದು.

ದಿನವೂ ಬೆಳಿಗ್ಗೆ ಒಂದು ಗಂಟೆ ಅರಬ್ಬಿ ಪಾಠ. ಅಕ್ಷರಗಳು 28, ಬರೆಯುವುದು ಬಲದಿಂದ ಎಡಕ್ಕೆ. ನಮ್ಮ ಕಾಗುಣಿತದಲ್ಲಿ ಕಂಡದ್ದನ್ನು ಓದಿದರಾಯಿತು. ಅಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಪದ ಗೊತ್ತಿದ್ದವನು ಮಾತ್ರ ಸರಿಯಾಗಿ ಓದಬಲ್ಲ. 'ಅಯ್ನ್' ಎಂಬ ಅಕ್ಷರವನ್ನು ಗಂಟಲಿನ ಆಳದಿಂದ ಹೊರಡಿಸಬೇಕು. ನಾನು ಯತ್ನಿಸಿದಾಗಲೆಲ್ಲ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಇದಕ್ಕಿಂತ ದೊಡ್ಡ ಕಷ್ಟವೆಂದರೆ, ಪುಸ್ತಕದ ಅರಬ್ಬಿ ಒಂದು, ಮನೆಯ ಮಾತಿನ ಅರಬ್ಬಿ ಇನ್ನೊಂದು.

ಎರಡನೆಯ ವಾರದ ಒಂದು ರಾತ್ರಿ. ನಡೆಯಲಾಗದ ಆರು ವರ್ಷದ ಹುಡುಗಿಯೊಬ್ಬಳು ಎಚ್ಚೆತ್ತು "ಮೈ, ಮೈ" ಎಂದು ಅಳತೊಡಗಿದಳು. ನನ್ನದು ಕನ್ನಡದ ಕಿವಿ. ಮೈಗೆ ಏನೋ ಆಗಿದೆ ಎಂದುಕೊಂಡೆ. ಹಣೆ ಮುಟ್ಟಿದೆ, ಬೆನ್ನು ನೀವಿದೆ, ಹೊದಿಕೆ ಸರಿಮಾಡಿದೆ. ಅಳು ಜೋರಾಯಿತು. ಕೊನೆಗೆ ಅಡುಗೆಮನೆಯ ಮುದುಕಿ ಬಂದರು. ಅವರನ್ನು ಎಲ್ಲರೂ 'ಖಾಲ್ತಿ' ಎನ್ನುತ್ತಿದ್ದರು; ನಮ್ಮಲ್ಲಿ ಚಿಕ್ಕಮ್ಮ ಎನ್ನುವ ಹಾಗೆ. ಒಂದು ಲೋಟ ನೀರು ತಂದು ಮಗುವಿನ ಬಾಯಿಗೆ ಹಿಡಿದರು. ಮಗು ಗಟಗಟನೆ ಕುಡಿದು ಮಲಗಿತು. ನೀರಿಗೆ 'ಮಾ' ಎಂದು ಪುಸ್ತಕದಲ್ಲಿ ಕಲಿತಿದ್ದೆ. ಆಡುಮಾತಿನಲ್ಲಿ ಅದು 'ಮೈ'.

ಖಾಲ್ತಿ ಗದರಲಿಲ್ಲ. "ಶ್ವೈ ಶ್ವೈ, ಯಾ ಇಬ್ನಿ" ಎಂದರು. ಮೆಲ್ಲಮೆಲ್ಲಗೆ, ನನ್ನ ಮಗನೇ ಎಂದರ್ಥ. ನನಗೆ ನಿದ್ರೆ ಬರಲಿಲ್ಲ. ಬಾಯಾರಿದವರಲ್ಲಿ ಪ್ರಭುವೇ ಇದ್ದಾನೆ ಎಂಬುದರ ಮೇಲೆ ಪ್ರಬಂಧ ಬರೆದವನು ನಾನು. ಪ್ರಭು ನೀರು ಕೇಳಿದಾಗ ನನಗೆ ಕೇಳಿಸಲೇ ಇಲ್ಲ!

ಮರುದಿನದಿಂದ ಮಕ್ಕಳ ಜೊತೆ ನೆಲದ ಮೇಲೆ ಕುಳಿತೆ. ಅವರು ಗುರುಗಳು, ನಾನು ಶಿಷ್ಯ. ರೊಟ್ಟಿ ತೋರಿಸಿ 'ಖುಬ್ಝ್' ಎಂದರು. ಆ ಸಂಜೆ ಅವರು ಪ್ರಭು ಕಲಿಸಿದ ಪ್ರಾರ್ಥನೆಯನ್ನು ಹೇಳುವಾಗ ಅದೇ ಪದ ಕಿವಿಗೆ ಬಿತ್ತು. ಅದುವರೆಗೆ ಬರೀ ಸದ್ದಾಗಿದ್ದದ್ದು ಪ್ರಾರ್ಥನೆಯಾಯಿತು.

ಶುಭಸಂದೇಶದ ಆ ಕಿವುಡನನ್ನು ನೆನೆಯಿರಿ. ಯೇಸು ಅವನನ್ನು ಜನಜಂಗುಳಿಯಿಂದ ಆಚೆಗೆ ಕರೆದೊಯ್ದು ಮೊದಲು ಕಿವಿಯಲ್ಲಿ ಬೆರಳಿಟ್ಟರು, ಆಮೇಲೆ ನಾಲಿಗೆ ಮುಟ್ಟಿದರು. 'ಎಪ್ಫಥಾ' ಎಂಬ ಆ ಅರಮಾಯ ಪದಕ್ಕೆ ಅರಬ್ಬಿಯಲ್ಲಿ ಇಂದಿಗೂ ನಂಟಿದೆ. 'ಇಫ್ತಹ್' ಎಂದರೆ ತೆರೆ. ಕಿವಿ ತೆರೆಯಿತು, ಬಳಿಕ ನಾಲಿಗೆ ಸಡಿಲವಾಯಿತು. ಸೇವೆಗೂ ಇದೇ ಕ್ರಮ. ಕೊಡಲು ಹೋದವನು ಮೊದಲು ಪಡೆಯಲು ಕಲಿಯಬೇಕು.

ಇದೇ ದಾರಿಯನ್ನು ಎದುರು ದಿಕ್ಕಿನಿಂದ ನಡೆದು ನಮ್ಮ ಬಳಿಗೆ ಬಂದವರೊಬ್ಬರಿದ್ದಾರೆ. ಗಲಿಲೇಯದ ಇಬಿಲ್ಲಿನ್ ಹಳ್ಳಿಯಲ್ಲಿ 1846ರಲ್ಲಿ ಹುಟ್ಟಿದ ಅರಬ್ಬಿ ಹೆಣ್ಣುಮಗಳು ಮರಿಯಮ್ ಬವಾರ್ದಿ 1870ರಲ್ಲಿ ಮಂಗಳೂರಿನ ಕಾರ್ಮೆಲ್ ಮಠಕ್ಕೆ ಬಂದರು. 1871ರಲ್ಲಿ ಇಲ್ಲಿಯೇ ವ್ರತ ಸ್ವೀಕರಿಸಿದರು. ಪರಭಾಷೆಯ ನಡುವೆ ತೊದಲುವುದು ಏನೆಂದು ಅವರಿಗೆ ಗೊತ್ತಿತ್ತು. 1875ರಲ್ಲಿ ಬೆತ್ಲೆಹೇಮಿಗೆ ಹೋಗಿ ಅಲ್ಲಿನ ಮಠ ಕಟ್ಟಿಸುವಾಗ ಕೆಲಸಗಾರರೊಡನೆ ಅವರ ಭಾಷೆಯಲ್ಲೇ ಮಾತನಾಡಿದರು. 1878ರ ಆಗಸ್ಟಿನಲ್ಲಿ ಆ ಕೆಲಸಗಾರರಿಗೆ ನೀರು ಒಯ್ಯುವಾಗ ಬಿದ್ದು ಕೈ ಮುರಿದುಕೊಂಡರು. ಕೆಲವೇ ದಿನಗಳಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು. ಬಾಯಾರಿದವರ ಮಾತು ಅವರಿಗೆ ಕೇಳಿಸಿತ್ತು.

ಪಂಚಾಶತ್ತಮ ದಿನದಂದು ಪ್ರೇಷಿತರ ಮಾತು ಕೇಳಿದವರ ಪಟ್ಟಿಯಲ್ಲಿ ಅರಬ್ಬರೂ ಇದ್ದಾರೆ (ಪ್ರೇಷಿತರ ಕಾರ್ಯಕಲಾಪಗಳು 2: 11). ಪವಿತ್ರಾತ್ಮ ಎಲ್ಲರ ಭಾಷೆ ಅಳಿಸಿ ಒಂದೇ ಭಾಷೆ ಮಾಡಲಿಲ್ಲ. ಅವರವರ ಮಾತಿನಲ್ಲಿ ಅವರವರ ಮನೆಬಾಗಿಲಿಗೆ ಬಂದನು.

ಪ್ರಿಯರೇ, ಭಾಷೆ ಕಲಿಯಲು ನಾವೆಲ್ಲರೂ ಬೆತ್ಲೆಹೇಮಿಗೆ ಹೋಗಬೇಕಿಲ್ಲ. ಒಡಿಶಾದಿಂದ, ಜಾರ್ಖಂಡದಿಂದ ಕೂಲಿಗೆ ಬಂದ ಹುಡುಗರು ಭಾನುವಾರ ದೇವಾಲಯದ ಕೊನೆಯ ಬೆಂಚಿನಲ್ಲಿ ಕೂರುತ್ತಾರೆ. ಅವರಿಗೆ ಕೆಲಸ ಹೇಳುವಷ್ಟು ಹಿಂದಿ ನಮಗೆ ಬರುತ್ತದೆ. ಅವರ ಮನೆಮಾತಿನಲ್ಲಿ ನೀರಿಗೆ ಏನೆನ್ನುತ್ತಾರೆ ಎಂದು ಎಂದಾದರೂ ಕೇಳಿದ್ದೇವೆಯೇ? ನಮ್ಮ ಮನೆಯೊಳಗೂ ಒಂದೇ ಭಾಷೆಯಾಡುತ್ತ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಇಲ್ಲವೇ? ಹೊಸದಾಗಿ ಬಂದ ಸೊಸೆ, ಮೂಲೆಯಲ್ಲಿ ಕುಳಿತ ಅಜ್ಜ, ಬಾಗಿಲು ಹಾಕಿಕೊಂಡ ಮಗ ಏನೋ ಕೇಳುತ್ತಿದ್ದಾರೆ. ನಾವು ಹೊದಿಕೆ ಸರಿಮಾಡುತ್ತಿದ್ದೇವೆ.

ಈ ವಾರ ಒಬ್ಬರ ಬಳಿ ಕುಳಿತು ಒಂದು ಪದ ಕಲಿಯೋಣ. ತಪ್ಪಾದರೆ ಅವರು ನಗಲಿ, ನಾವೂ ನಗೋಣ. ಮೆಲ್ಲಮೆಲ್ಲಗೆ ಬರುತ್ತದೆ.

ಪ್ರಾರ್ಥನೆ: ಪ್ರಭುವೇ, ನನ್ನ ನಾಲಿಗೆಗಿಂತ ಮೊದಲು ನನ್ನ ಕಿವಿಯನ್ನು ಮುಟ್ಟು. ನೀನು ನೀರು ಕೇಳಿದಾಗ ನನಗೆ ಕೇಳಿಸಲಿ. ಆಮೆನ್.