ಒಬ್ಬನ ಬಿಲ್ಲು, ಇಬ್ಬರ ಹಗ್ಗ

ಯಕ್ಷಪ್ರಶ್ನೆ ನಮಗೆಲ್ಲ ಗೊತ್ತು. ಆ ಪ್ರಸಂಗ ಶುರುವಾಗುವುದು ಒಂದು ಜಿಂಕೆಯಿಂದ ಎಂಬುದು ಅಷ್ಟಾಗಿ ನೆನಪಿರುವುದಿಲ್ಲ. ಬ್ರಾಹ್ಮಣನೊಬ್ಬ ಮರಕ್ಕೆ ತೂಗುಹಾಕಿದ್ದ ಅರಣಿ, ಅಂದರೆ ಬೆಂಕಿ ಕಡೆಯುವ ಕಟ್ಟಿಗೆ, ಅದರ ಕೊಂಬಿಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಡಿಸಿ ತರಲು ಓಡಿದ ಪಾಂಡವರು ಬಾಯಾರಿ ಯಕ್ಷನ ಕೊಳಕ್ಕೆ ಬರುತ್ತಾರೆ. ಎರಡು ತುಂಡು ಕಟ್ಟಿಗೆಗೆ ಐವರು ವೀರರು ಬೇಕೇ? ಜೇಬಿನಲ್ಲಿ ಬೆಂಕಿಪೊಟ್ಟಣ ಇಟ್ಟುಕೊಂಡವರು ಹಾಗೆ ಕೇಳಬಹುದು.

ಅರಣಿ ಅರಳಿಮರದ್ದು, ಬನ್ನಿಮರದಲ್ಲಿ ಹುಟ್ಟಿ ಬೆಳೆದ ಅರಳಿಯಾದರೆ ಶ್ರೇಷ್ಠ. ಹಲಗೆಯ ಕುಳಿಯಲ್ಲಿ ಕೋಲು ನಿಲ್ಲಿಸಿ ಒಬ್ಬರು ಮೇಲಿನಿಂದ ಅದುಮುತ್ತಾರೆ, ಇನ್ನೊಬ್ಬರು ಹಗ್ಗ ಸುತ್ತಿ ಮಜ್ಜಿಗೆ ಕಡೆದಂತೆ ಎಳೆಯುತ್ತಾರೆ. 1975ರಲ್ಲಿ ಕೇರಳದ ಪಾಂಞಾಳ್‌ನಲ್ಲಿ ನಡೆದ ಅತಿರಾತ್ರದಲ್ಲೂ ಅಗ್ನಿಯನ್ನು ಕಡೆದೇ ಹುಟ್ಟಿಸಿದರು. ವಿದ್ವಾಂಸ ಫ್ರಿಟ್ಸ್ ಸ್ಟಾಲ್ ಆ ಯಾಗವನ್ನು ಚಿತ್ರೀಕರಿಸಿ ದಾಖಲಿಸಿದರು.

ಅದೇ ಹಗ್ಗದ ಎರಡು ತುದಿಯನ್ನೂ ಒಂದು ಬಾಗಿದ ಕೋಲಿಗೆ ಕಟ್ಟಿಬಿಟ್ಟರೆ ಎರಡನೆಯವರು ಬೇಡ. ಒಂದು ಕೈ ಅದುಮುತ್ತದೆ, ಇನ್ನೊಂದು ಬಿಲ್ಲಾಡಿಸುತ್ತದೆ. 1922ರಲ್ಲಿ ಪತ್ತೆಯಾದ ತುತಾಂಖಾಮುನ್ ಗೋರಿಯಲ್ಲಿ ಇಂಥ ಬೆಂಕಿ ಬೈರಿಗೆ ಸಿಕ್ಕಿದೆ. ಉತ್ತರಧ್ರುವದ ಕಡೆಯ ಇನ್ಯೂಟ್ ಜನ ಕೋಲಿನ ಮೇಲ್ತುದಿಯ ಗುಬ್ಬಿಯನ್ನು ಹಲ್ಲಿನಲ್ಲೇ ಕಚ್ಚಿ ಅದುಮಿ ಇನ್ನೊಂದು ಕೈಯನ್ನೂ ಬಿಡುವು ಮಾಡಿಕೊಂಡರು. ದವಡೆಯ ಗತಿ ಏನಾಗುತ್ತಿತ್ತೋ!

ಹಗ್ಗವಿರಲಿ, ಬಿಲ್ಲಿರಲಿ, ಬೆಂಕಿ ಹುಟ್ಟುವುದು ಕೋಲಿನಲ್ಲಲ್ಲ, ಅದು ಸವೆದು ಉದುರಿಸುವ ಪುಡಿಯಲ್ಲಿ. ಹಲಗೆಯ ಅಂಚಿನಲ್ಲಿ ಒಂದು ಕಚ್ಚು ಮಾಡಿರುತ್ತಾರೆ. ಪುಡಿ ಅಲ್ಲಿ ಗುಪ್ಪೆಯಾಗಬೇಕು. ಕಂದು ಪುಡಿ ಬಂದರೆ ಶಾಖ ಸಾಲದು, ಕಪ್ಪಗೆ ಬರಬೇಕು. ಸುಮಾರು 400 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಆ ಗುಪ್ಪೆಯೊಳಗೆ ಕೆಂಡ ಕೂರುತ್ತದೆ. ಹೊಸಬರು ಹೊಗೆ ಕಂಡ ಕೂಡಲೇ ಕೈಬಿಡುತ್ತಾರೆ. ಪಳಗಿದವರಿಗೆ ಗೊತ್ತು: ಕೋಲು ನಿಂತ ಮೇಲೂ ಪುಡಿ ತಾನಾಗಿ ಹೊಗೆಯಾಡುತ್ತಿದ್ದರೆ ಮಾತ್ರ ಅದನ್ನು ಒಣನಾರಿಗೆ ಸುರಿದು ಊದಬೇಕು. ಥಂಡಿ ಹಿಡಿದ ಕಟ್ಟಿಗೆಯಾದರೆ ಇಷ್ಟೂ ಶ್ರಮ ದಂಡ. ಮರಕ್ಕೆ ತೂಗುಹಾಕಿ ಕಾಪಾಡಿದ ಆ ಬ್ರಾಹ್ಮಣನ ಗಾಬರಿ ಈಗ ಅರ್ಥವಾದೀತು.

ಬಿಲ್ಲು ಕಟ್ಟಿ ತೂತು ಕೊರೆಯುವ ಬೈರಿಗೆ ನಮ್ಮ ಬಡಗಿಗಳ ಕೈಯಲ್ಲೂ ಇತ್ತು. ಆದರೂ ಯಜ್ಞಶಾಲೆ ಹಗ್ಗವನ್ನು ಬಿಡಲಿಲ್ಲ. ಇದನ್ನು ಸಂಪ್ರದಾಯದ ಜಡತೆ ಎನ್ನಲು ನನಗೆ ಮನಸ್ಸಿಲ್ಲ. ಪತ್ನಿಯಿಲ್ಲದವನಿಗೆ ಯಜ್ಞಾಗ್ನಿಯನ್ನು ನೆಲೆಗೊಳಿಸುವ ಅಗ್ನ್ಯಾಧಾನವೇ ಇಲ್ಲ ಎನ್ನುವ ಶಾಸ್ತ್ರ, ಒಬ್ಬನೇ ಕೂತು ಕಡೆಯುವ ಸಲಕರಣೆಯನ್ನು ಯಾಕಾದರೂ ಹುಡುಕೀತು?